ರೈಲ್ವೆ ಟೈಮ್‌ಟೇಬಲ್ಲಿನ ಕೊನೆಯ ಅಧ್ಯಾಯ

ರೈಲ್ವೆ ಟೈಮ್‌ಟೇಬಲ್ಲಿಗೆ ಕೊನೆಯ ಅಧ್ಯಾಯ ಅಂತ ಒಂದು ಇರುವುದಿಲ್ಲ. ಅಲ್ಲಿ ಯಾರೂ ಸಾಯುವುದಿಲ್ಲ, ಯಾರೂ ಸಿಕ್ಕಿಬೀಳುವುದಿಲ್ಲ. ಗಾಡಿ ಬರುತ್ತದೆ, ಗಾಡಿ ಹೋಗುತ್ತದೆ, ಅಷ್ಟೇ ಅದರ ಕಥೆ.

ಆದರೂ ನನ್ನ ಕೈಯಲ್ಲಿದ್ದ ಟೈಮ್‌ಟೇಬಲ್ಲಿನ ಕೊನೆಯ ಹದಿನೈದು ಹಾಳೆಗಳನ್ನು ಯಾರೋ ನೀಟಾಗಿ ಜೋಡಿಸಿ, ಬಿಳಿ ದಾರ ಸುತ್ತಿ, ಗಂಟು ಹಾಕಿ ವಾಪಸ್ ಕೊಟ್ಟಿದ್ದರು.

ಪುಟ ಇಪ್ಪತ್ತೆಂಟನ್ನು ತೆರೆದು ಕಿಟಕಿಯ ಬೆಳಕಿಗೆ ಹಿಡಿದೆ. ಅಲ್ಲೂ ಇತ್ತು. ಕೆಳಗಿನ ಮೂಲೆಯಲ್ಲಿ ಪಿನ್ನಿನಿಂದ ಚುಚ್ಚಿದ ಒಂದೇ ಒಂದು ತೂತು.

ದೇಶದ ರಾಜಧಾನಿಯ ಸರ್ಕಾರಿ ಕಾಲೊನಿ ಕಿದ್ವಾಯಿ ನಗರದ ಸಮುದಾಯ ಭವನದಲ್ಲಿ ಆಗ ನಾನೊಬ್ಬಳೇ ಇದ್ದೆ. ಶನಿವಾರ ಮಧ್ಯಾಹ್ನ ಮೂರು ಗಂಟೆಯಾದರೂ ಹೊರಗೆ ಮಂಜು ಕರಗಿರಲಿಲ್ಲ. ಬೆನ್ನ ಹಿಂದಿನ ಖಾಲಿ ಕುರ್ಚಿಯಲ್ಲಿ ಯಾರೋ ಕೂತು ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿ ಥಟ್ಟನೆ ತಿರುಗಿದೆ. ವೈಜಯಂತಿ ಎಂಬ ಐವತ್ತೆಂಟು ವರ್ಷದ ಹೆಂಗಸು, ಮಿನಿಸ್ಟ್ರಿಯೊಂದರ ದಾಖಲೆ ವಿಭಾಗದಲ್ಲಿ ಮೂವತ್ತೊಂದು ವರ್ಷ ಫೈಲು ಕಾಯ್ದವಳು, ಖಾಲಿ ಕುರ್ಚಿಗೆ ಹೆದರಿದೆ. ನನಗೇ ನಾಚಿಕೆಯಾಯಿತು.

ಆ ಕುರ್ಚಿ ಸೀತಮ್ಮನದು. ಆ ತೂತೂ ಅವಳದೇ, ಆ ಗಂಟೂ ಅವಳದೇ. ಕಳೆದ ಸಂಕ್ರಾಂತಿಯ ಮಧ್ಯಾಹ್ನ ಕ್ವಾರ್ಟರ್ಸಿನ ತಾರಸಿಯಿಂದ ಬಿದ್ದು ಅವಳು ಸತ್ತು ಹನ್ನೊಂದೂವರೆ ತಿಂಗಳಾಗಿತ್ತು.

ಎರವಲು ಪುಸ್ತಕ ಓದುವವರ ಬುದ್ಧಿ ನಿಮಗೆ ಗೊತ್ತೇ ಇದೆ. ನಮ್ಮ ಮಹಿಳಾ ಬಳಗದ ಬೀರುವಿನಲ್ಲಿ ಇನ್ನೂರು ಪುಸ್ತಕಗಳಿವೆ, ಎಲ್ಲಕ್ಕೂ ಒಂದೇ ಥರ ಕಂದು ಕಾಗದದ ಹೊದಿಕೆ. ಓದಿದ್ದನ್ನೇ ಮತ್ತೆ ಹೊತ್ತು ತರಬಾರದು ಅಂತ ಒಬ್ಬೊಬ್ಬರೂ ಒಳಗೆಲ್ಲೋ ಗುಟ್ಟಾಗಿ ಒಂದು ಗುರುತು ಹಾಕುತ್ತಾರೆ. ಸುಶೀಲಾ ಹತ್ತನೇ ಪುಟದ ಅಂಕಿಗೆ ಪೆನ್ಸಿಲ್ಲಿನಿಂದ ಗೆರೆ ಎಳೆಯುತ್ತಾರೆ. ನಾನು ಕೊನೆಯ ಹಾಳೆಯ ಕಿವಿ ಮಡಚುತ್ತೇನೆ. ಸೀತಮ್ಮ ತನ್ನ ಮನೆ ನಂಬರು ಇಪ್ಪತ್ತೆಂಟರಲ್ಲಿ ಪಿನ್ನು ಚುಚ್ಚುತ್ತಿದ್ದಳು. ಅದು ಗೊತ್ತಿದ್ದವಳು ನಾನೊಬ್ಬಳೇ ಅಂದುಕೊಂಡಿದ್ದೆ.

ಇನ್ನು ದಾರ ಕಟ್ಟುವುದು ಅವಳ ಹಟ. ಕೊನೆಯ ಅಧ್ಯಾಯವನ್ನು ಅವಳು ಒಬ್ಬಳೇ ಓದುತ್ತಿರಲಿಲ್ಲ. ಅಲ್ಲಿಗೆ ಬಂದ ಕೂಡಲೇ ದಾರದಿಂದ ಬಿಗಿದು, ಕೊಲೆಗಾರ ಯಾರು ಅಂತ ಚೀಟಿ ಬರೆದಿಟ್ಟು, ಶನಿವಾರ ನಾಲ್ಕು ಗಂಟೆಗೆ ನನ್ನ ಮುಂದೆ ಕೂತು ಬಿಚ್ಚುತ್ತಿದ್ದಳು. ಎರಡು ಸುತ್ತು, ನಡುವೆ ಒಂದು ಗಂಟು, ದಾರದ ಬಾಲ ಮತ್ತೆ ಒಳಕ್ಕೆ. ಹೂ ಕಟ್ಟುವವರ ಕೈಚಳಕ. ನಾನು ಹತ್ತು ಸಲ ಪ್ರಯತ್ನಿಸಿ ಬಿಟ್ಟಿದ್ದೆ.

ಈಗ ಐದು ವಾರಗಳಿಂದ, ಅವಳು ಸತ್ತ ಮೇಲೆ ಬೀರುವಿಗೆ ಬಂದ ಪುಸ್ತಕಗಳಲ್ಲಿ ಅದೇ ತೂತು, ಅದೇ ಗಂಟು. ದೀಪಾವಳಿಯ ಹೊತ್ತಿಗೆ ದರಿಯಾಗಂಜಿನ ಭಾನುವಾರದ ಹಳೆ ಪುಸ್ತಕಗಳ ಸಂತೆಯಿಂದ ನಾನೇ ಆರಿಸಿ ತಂದವು ಅವು. ಸೀತಮ್ಮನ ಕೈ ಅವನ್ನು ಮುಟ್ಟಿರಲು ಸಾಧ್ಯವೇ ಇಲ್ಲ.

ಮೊದಲ ವಾರ ಪುಸ್ತಕ ಕೈಯಿಂದ ಜಾರಿ ಬಿತ್ತು. ಎರಡನೇ ವಾರ ರಾಯರ ಫೋಟೋಗೆ ಎರಡು ಊದುಬತ್ತಿ ಜಾಸ್ತಿ ಹಚ್ಚಿದೆ. ಮೂರನೇ ವಾರ ಬುದ್ಧಿ ಬಂತು, ರಿಜಿಸ್ಟರ್ ತೆಗೆದೆ. ದೆವ್ವಗಳು ರಿಜಿಸ್ಟರಿನಲ್ಲಿ ಸಹಿ ಮಾಡುವುದಿಲ್ಲ. ಅಂಥ ಪುಸ್ತಕಗಳನ್ನೆಲ್ಲ ಒಯ್ದವರು ಒಬ್ಬರೇ, ಮಾರ್ಕೆಟ್ಟಿನ ಮೂಲೆಯಲ್ಲಿ ಹೋಟೆಲು ನಡೆಸುವ ಮೋನಪ್ಪನವರ ಹೆಂಡತಿ ಜಲಜಾಕ್ಷಿ.

ಅದಕ್ಕೇ ಹೋದ ಶನಿವಾರ ಒಂದು ಬೋನು ಇಟ್ಟೆ. ಹಳೆಯ ಇಂಗ್ಲಿಷ್ ಟೈಮ್‌ಟೇಬಲ್ಲಿಗೆ ಕಂದು ಕಾಗದ ಹೊದಿಸಿ, ಬೆನ್ನಿಗೆ ಕಾದಂಬರಿಯ ಚೀಟಿ ಅಂಟಿಸಿ ಅವರ ಕೈಗಿತ್ತೆ. ಇವತ್ತು ವಾಪಸ್ ತಂದು ಮೇಜಿನ ಮೇಲಿಟ್ಟು, ಈ ಸಲದ ಕಥೆ ತುಂಬ ಚೆನ್ನಾಗಿತ್ತು ಅಂತ ಹೇಳಿ ಹೋಗಿದ್ದರು.

ನಮ್ಮೆಲ್ಲರ ಹುಚ್ಚು ಆ ಇಂಗ್ಲೆಂಡಿನ ಹಳ್ಳಿಯ ಕೊಲೆ ಕಥೆಗಳು. ಅದರಲ್ಲೂ ನೆದರ್‌ವಿಕ್ ಎಂಬ ಹಳ್ಳಿಯ ಮಾಲೆ. ಒಂದು ಚರ್ಚು, ಒಂದು ಅಂಚೆ ಕಚೇರಿ, ಗುಲಾಬಿಯ ಬೇಲಿ, ನಾಲ್ಕು ಗಂಟೆಗೆ ಸರಿಯಾಗಿ ಚಹಾ. ಎರಡನೇ ಅಧ್ಯಾಯಕ್ಕೆ ಒಂದು ಹೆಣ. ರಿಟೈರಾದ ಪೋಸ್ಟ್‌ಮಿಸ್ಟ್ರೆಸ್ ಒಬ್ಬಳು ಮನೆಮನೆಗೆ ಹೋಗಿ ಚಹಾ ಕುಡಿದೇ ಕೊಲೆಗಾರನನ್ನು ಹಿಡಿಯುತ್ತಾಳೆ. ಇದರಲ್ಲಿ ಏನಿದೆ ಅಂತ ಓದುತ್ತೀರಿ ಎಂದು ಸೀತಮ್ಮನ ಗಂಡ ವೆಂಕಟಸುಬ್ಬಯ್ಯನವರು ನಗುತ್ತಿದ್ದರು.

ಏನಿದೆ ಅಂದರೆ, ನೆದರ್‌ವಿಕ್‌ನಲ್ಲಿ ಯಾರೂ ಮನೆ ಖಾಲಿ ಮಾಡುವುದಿಲ್ಲ. ಇಲ್ಲಿ ಅರವತ್ತು ತುಂಬಿತೋ, ಬಾಗಿಲ ಮೇಲಿನ ಹೆಸರಿಗೆ ಒಂದು ಕೋಟು ಪೇಂಟು ಬಳಿದು ಮುಂದಿನವರ ಹೆಸರು ಬರೆಯುತ್ತಾರೆ. ಅಲ್ಲಿ ಒಬ್ಬರು ಸತ್ತರೆ ಇಡೀ ಹಳ್ಳಿ ಯಾಕೆ ಅಂತ ಕೇಳುತ್ತದೆ. ಇಲ್ಲಿ ಠಾಣೆಯವರು ಸೀತಮ್ಮನನ್ನು ಒಂದೇ ಹಾಳೆಯಲ್ಲಿ ಮುಗಿಸಿದರು. ಕಾಲು ಜಾರಿ ಬಿದ್ದದ್ದು, ಅಷ್ಟೇ.

ಆ ಹಾಳೆಯನ್ನು ನಂಬದವರು ಇಬ್ಬರು. ಒಬ್ಬಳು ನಾನು. ಇನ್ನೊಬ್ಬಳು ಸೀತಮ್ಮನ ಮಗಳು ಅಮೂಲ್ಯ.

ಅಮೂಲ್ಯಳಿಗೆ ಇಪ್ಪತ್ತೆರಡು. ಲಕ್ಷ್ಮೀ ನಗರದಲ್ಲಿ ಸಿ.ಎ. ಕೋಚಿಂಗಿಗೆ ಹೋಗುತ್ತೇನೆ ಅಂತ ದಿನಾ ಮನೆ ಬಿಡುತ್ತಿದ್ದವಳು ಮೂರು ತಿಂಗಳಿಂದ ಕ್ಲಾಸಿಗೇ ಹೋಗಿಲ್ಲ ಎಂಬುದು ಸಂಕ್ರಾಂತಿಯ ಬೆಳಿಗ್ಗೆ ಸೀತಮ್ಮನಿಗೆ ತಿಳಿಯಿತು. ದೊಡ್ಡ ಜಗಳವಾಯಿತು. ನೀನು ಸತ್ತರೂ ನಾನು ವಾಪಸ್ ಬರಲ್ಲ ಅಂತ ಹುಡುಗಿ ಬಾಯಿಗೆ ಬಂದದ್ದು ಅಂದು, ಸ್ವೆಟರ್ ಕೂಡ ಹಾಕದೆ ಮನೆ ಬಿಟ್ಟು ಎಲ್ಲೆಲ್ಲೋ ಅಲೆದು, ಮಧ್ಯಾಹ್ನ ಮೂರರ ಹೊತ್ತಿಗೆ ಎದುರು ಬ್ಲಾಕಿನ ನನ್ನ ಮನೆಗೆ ಅಳುತ್ತಾ ಬಂದಳು. ನನಗೆ ಜ್ವರ. ಮಲಗಿದಲ್ಲಿಂದಲೇ ನನ್ನ ಶಾಲು ಅವಳಿಗೆ ಹೊದಿಸಿ, ಹೋಗು, ಅಮ್ಮ ತಾರಸಿ ಮೇಲಿದ್ದಾಳೆ, ಒಂದು ಮಾತು ಸಮಾಧಾನ ಹೇಳು ಅಂತ ಕಳಿಸಿದೆ. ಅವಳು ಹೋಗಲಿಲ್ಲವಂತೆ. ಬಸ್ಸು ಹತ್ತಿ ಗೆಳತಿಯ ಮನೆಗೆ ಹೋದಳಂತೆ. ನಾಲ್ಕು ಗಂಟೆಯ ಹೊತ್ತಿಗೆ ಕೆಳಗೆ ಗಲಾಟೆ ಕೇಳಿಸಿತು.

ಅಂದಿನಿಂದ ಹುಡುಗಿ ಸರಿಯಾಗಿ ಒಂದು ತುತ್ತು ಉಂಡಿಲ್ಲ. ವಾರಕ್ಕೊಂದು ಸಲ ಬರುತ್ತಾಳೆ, ಒಂದೇ ಪ್ರಶ್ನೆ ಕೇಳುತ್ತಾಳೆ. ಅಮ್ಮ ನನ್ನಿಂದಲೇ ಸತ್ತಳಾ, ಆಂಟಿ?

ಇಲ್ಲ ಅಂತ ಬಾಯಿಮಾತಿಗೆ ಹೇಳಿದರೆ ಅವಳು ನಂಬುವವಳಲ್ಲ. ನನಗೆ ಒಬ್ಬ ಕೊಲೆಗಾರ ಬೇಕಿತ್ತು. ಕೇಳಲು ಅಸಹ್ಯ, ಆದರೂ ನಿಜ ಹೇಳುತ್ತಿದ್ದೇನೆ. ಯಾರೋ ಒಬ್ಬರು ಸೀತಮ್ಮನನ್ನು ನೂಕಿದರು ಅಂತ ಸಾಬೀತಾದರೆ ಈ ಹುಡುಗಿ ಉಳಿಯುತ್ತಾಳೆ. ನನ್ನ ಮಡಿಲಲ್ಲಿ ಆಡಿ ಬೆಳೆದ ಮಗು ಅದು, ನನಗೆ ಬೇರೆ ಮಕ್ಕಳಿಲ್ಲ.

ವೆಂಕಟಸುಬ್ಬಯ್ಯನವರು ಆಗಸ್ಟಿನಲ್ಲಿ ರಿಟೈರಾದರು. ನಾಳೆ ಭಾನುವಾರ ಡಿಸೆಂಬರ್ ಮೂವತ್ತೊಂದು, ಬೆಳಿಗ್ಗೆ ಲಾರಿ ಬರುತ್ತದೆ, ಅಪ್ಪ ಮಗಳು ಮೈಸೂರಿಗೆ. ಹೊರಡುವುದರೊಳಗೆ ಹೇಳುತ್ತೇನೆ ಅಂತ ಅಮೂಲ್ಯಳಿಗೆ ಮಾತು ಕೊಟ್ಟಿದ್ದೆ.

ಅನುಮಾನದ ಪಟ್ಟಿಯಿಂದ ಇಬ್ಬರನ್ನು ಈಗಾಗಲೇ ಹೊಡೆದು ಹಾಕಿದ್ದೆ. ವೆಂಕಟಸುಬ್ಬಯ್ಯನವರು ಆ ಹೊತ್ತಿಗೆ ಸಂಕ್ರಾಂತಿ ಸಭೆಯೊಂದರಲ್ಲಿ ಇನ್ನೂರು ಜನರ ಎದುರು ವೇದಿಕೆಯ ಮೇಲೆ ತೂಕಡಿಸುತ್ತಿದ್ದರು, ಫೋಟೋ ಇದೆ. ತಾರಸಿಯ ಬಟ್ಟೆ ಹಗ್ಗಕ್ಕಾಗಿ ಸೀತಮ್ಮನ ಜೊತೆ ವರ್ಷಗಟ್ಟಲೆ ಜಗಳವಾಡಿದ ಕೆಳಮನೆಯ ಅನಂತಮೂರ್ತಿಯವರು ವಸಂತ್ ಕುಂಜ್‌ನ ಮಗಳ ಮನೆಯಲ್ಲಿದ್ದರು. ಅವರ ಮೇಲೆ ನನಗೆ ತುಂಬ ಆಸೆಯಿತ್ತು. ಏನು ಮಾಡುವುದು, ಅವರು ಇರಲಿಲ್ಲ.

ಪರ್ಸಿನಿಂದ ಒಂದು ಕವರು ತೆಗೆದೆ. ಬಿದ್ದ ಸೀತಮ್ಮನ ಬಳಿಗೆ ಮೊದಲು ಓಡಿದವಳು ನಾನೇ. ಅವಳ ಮುಷ್ಟಿಯನ್ನು ಹಿಡಿದುಕೊಂಡು ಕೂತಿದ್ದೆ. ಆಂಬುಲೆನ್ಸಿನವರು ಬಿಡಿಸಿದಾಗ ನನ್ನ ಅಂಗೈಯಲ್ಲಿ ಎರಡು ಬೆರಳುದ್ದದ ಕಡುಗೆಂಪು ಉಣ್ಣೆ ಉಳಿದಿತ್ತು. ಗಂಡನಿಗೆ ಅದೇ ಬಣ್ಣದ ಸ್ವೆಟರ್ ಹೆಣೆಯುತ್ತಿದ್ದಳಲ್ಲ, ಅದರದ್ದೇ ಇರಬೇಕು ಅಂತ ಪೊಲೀಸರಿಗೆ ಕೊಡಲಿಲ್ಲ, ಎಸೆಯಲೂ ಇಲ್ಲ.

ಆ ಉಣ್ಣೆಯಲ್ಲಿ ಒಂದು ಗಂಟಿತ್ತು. ಗಂಟು ಹಾಕಿದ ಉಣ್ಣೆಯಿಂದ ಯಾರೂ ಸ್ವೆಟರ್ ಹೆಣೆಯುವುದಿಲ್ಲ. ಅದು ನನಗೆ ಎಷ್ಟೋ ದಿನದಿಂದ ಚುಚ್ಚುತ್ತಿತ್ತು.

ಈಗ ಅದನ್ನು ಟೈಮ್‌ಟೇಬಲ್ಲಿನ ದಾರದ ಪಕ್ಕ ಇಟ್ಟು ಕನ್ನಡಕ ಏರಿಸಿ ನೋಡಿದೆ. ಎರಡು ಸುತ್ತು, ನಡುವೆ ಒಂದು ಗಂಟು, ಬಾಲ ಒಳಕ್ಕೆ. ಎರಡೂ ಒಂದೇ.

ಸತ್ತವಳ ಮುಷ್ಟಿಯಲ್ಲಿದ್ದ ಗಂಟನ್ನು ಹಾಕಬಲ್ಲ ಕೈ ಈ ಕಾಲೊನಿಯಲ್ಲಿ ಇನ್ನೂ ಓಡಾಡಿಕೊಂಡಿದೆ ಎಂದಾಯಿತು. ನಾನು ಬೀರುವಿಗೆ ಬೀಗ ಹಾಕಿದೆ.

* * *

ಮೂರೂವರೆಗೆ ಮೋನಪ್ಪನವರ ಹೋಟೆಲು ಖಾಲಿ. ಊಟದವರು ಹೋಗಿಯಾಗಿತ್ತು, ಸಂಜೆ ತಿಂಡಿಯವರು ಬಂದಿರಲಿಲ್ಲ. ಮೋನಪ್ಪ ಕೌಂಟರಿನ ಹಿಂದೆ ಮಫ್ಲರ್ ಸುತ್ತಿಕೊಂಡು ಗೊರಕೆ ಹೊಡೆಯುತ್ತಿದ್ದರು. ಫ್ಯಾಮಿಲಿ ರೂಮು ಅಂತ ಬೋರ್ಡು ಹಾಕಿದ ಒಳಕೋಣೆಯಲ್ಲಿ ಜಲಜಾಕ್ಷಿ ಒಬ್ಬರೇ ಕೂತು ಸಂಜೆಯ ಬನ್ಸಿಗೆ ಬಾಳೆಹಣ್ಣು ಕಿವುಚುತ್ತಿದ್ದರು. ಐವತ್ತು ದಾಟದ, ಗಟ್ಟಿ ಮೈಕಟ್ಟಿನ ಹೆಂಗಸು. ನನ್ನನ್ನು ನೋಡಿ ಏಳಲಿಲ್ಲ.

ಯಾರಾದರೂ ಜೊತೆಗೆ ಬಂದಿದ್ದಾರಾ ಅಂತ ಒಮ್ಮೆ ನನ್ನ ಹಿಂದೆ ಇಣುಕಿದರು, ಅಷ್ಟೇ. ಆಮೇಲೆ ಎದುರಿನ ಕುರ್ಚಿ ತೋರಿಸಿದರು.

ನಾನು ಟೈಮ್‌ಟೇಬಲ್ಲನ್ನು ಮೇಜಿನ ಮೇಲಿಟ್ಟೆ. ನೆದರ್‌ವಿಕ್‌ನ ಪೋಸ್ಟ್‌ಮಿಸ್ಟ್ರೆಸ್ ಹೀಗೇ ಇಡುತ್ತಿದ್ದಳು, ಮಾತಿಲ್ಲದೆ. ನಂತರ ಕಂದು ಕಾಗದವನ್ನು ಪರ್‍ರನೆ ಹರಿದೆ. ರಟ್ಟಿನ ಮೇಲಿನ ರೈಲು ಎಂಜಿನ್ ಹೊರಗೆ ಬಂತು. ಇವರ ಮುಖ ಬಿಳಿಚಿಕೊಳ್ಳಬೇಕಿತ್ತು. ಬಿಳಿಚಿಕೊಳ್ಳಲಿಲ್ಲ.

"ಇದರಲ್ಲಿ ಕೊಲೆಗಾರ ಯಾರು ಅಂತ ಗೊತ್ತಾಯ್ತಾ ಜಲಜಾಕ್ಷಿಯವರೇ?" ಅಂದೆ.

"ನನಗೆ ಇಂಗ್ಲಿಷ್ ಬರುವುದಿಲ್ಲ ಅಕ್ಕ, ಅಂಕಿ ಬರ್ತದೆ," ಅಂದರು ಅವರು ಕೈ ತೊಳೆಯುತ್ತಾ. "ತೆರೆದರೆ ಪುಟದ ತುಂಬ ಬರೀ ಅಂಕಿ. ನೀವು ನನ್ನ ಪರೀಕ್ಷೆ ಮಾಡಿದ್ದೀರಿ ಅಂತ ಆಗಲೇ ಗೊತ್ತಾಯ್ತು. ಬೇಕಂತಲೇ ಕಟ್ಟಿದೆ. ನೀವು ಬರಲಿ ಅಂತ."

ನಾನು ಇಟ್ಟ ಬೋನಿಗೆ ಇವರು ಕಣ್ಣು ಬಿಟ್ಟುಕೊಂಡೇ ಕಾಲಿಟ್ಟಿದ್ದರು. ನನ್ನ ಪತ್ತೇದಾರಿಕೆಯ ಜಂಭ ಅಲ್ಲೇ ಅರ್ಧ ಇಳಿಯಿತು.

ಓದಲು ಬಾರದವರು ವರ್ಷಗಟ್ಟಲೆ ಇಂಗ್ಲಿಷ್ ಪುಸ್ತಕ ಯಾಕೆ ಒಯ್ದಿರಿ ಎಂದು ಕೇಳಿದೆ. ಅವರು ಕೈ ಒರೆಸಿಕೊಂಡು ನಿಧಾನವಾಗಿ ಹೇಳತೊಡಗಿದರು. ಪಿ.ಯು.ಸಿ. ಪಾಸಾಗಿದ್ದೇನೆ ಅಂತ ಬಳಗದಲ್ಲಿ ಸುಳ್ಳು ಹೇಳಿ ಸೇರಿದ್ದರಂತೆ. ಆಫೀಸರುಗಳ ಹೆಂಡತಿಯರ ನಡುವೆ ಹೋಟೆಲಿನವಳು, ನಾಚಿಕೆ. ಸೀತಮ್ಮ ಎರಡೇ ವಾರದಲ್ಲಿ ಪತ್ತೆ ಹಚ್ಚಿದಳು, ಯಾರಿಗೂ ಹೇಳಲಿಲ್ಲ. ಬದಲಿಗೆ ಮಧ್ಯಾಹ್ನಗಳಲ್ಲಿ ತಾರಸಿಗೆ ಕರೆದಳು. ಚಳಿಗಾಲದ ಬಿಸಿಲಿನಲ್ಲಿ ಚಾಪೆ ಹಾಸಿ, ಇಂಗ್ಲಿಷಿನಲ್ಲಿ ಒಂದು ಸಾಲು ಓದಿ, ಕನ್ನಡದಲ್ಲಿ ನಾಲ್ಕು ಸಾಲು ಹೇಳುತ್ತಿದ್ದಳು. ನಾಲ್ಕು ಚಳಿಗಾಲ ಹಾಗೆ ನಡೆಯಿತಂತೆ.

ನನಗೆ ಸಹಿಸಲಾಗಲಿಲ್ಲ. ಹೊಟ್ಟೆಕಿಚ್ಚು, ಬೇರೇನಲ್ಲ. ಸೀತಮ್ಮನಿಗೆ ನಾನೊಬ್ಬಳೇ ಜೊತೆ ಅಂದುಕೊಂಡಿದ್ದೆ.

"ಪಾದ್ರಿ ಅಂದ್ರೆ ಅರ್ಚಕರು ಅಂದ್ಕೋ, ಅವರ ಚಹಾದ ಬ್ರೆಡ್ಡು ಅಂದ್ರೆ ನಿನ್ನ ಬನ್ಸ್ ಅಂದ್ಕೋ ಅಂತ ಹೇಳೋರು," ಎಂದರು ಜಲಜಾಕ್ಷಿ. "ನನಗೆ ಆ ಊರು ನಮ್ಮ ಬ್ರಹ್ಮಾವರದ ಹತ್ತಿರವೇ ಎಲ್ಲೋ ಇದೆ ಅನ್ನಿಸ್ತಿತ್ತು. ಅಲ್ಲಿ ಕೊಂದವರು ತಪ್ಪಿಸಿಕೊಳ್ಳೋದಿಲ್ಲ ಅಲ್ವಾ ಅಕ್ಕ? ಅದಕ್ಕೇ ನನಗೆ ಅದು ಇಷ್ಟ."

ಮೋನಪ್ಪನವರ ಗೊರಕೆ ಒಮ್ಮೆ ನಿಂತು ಮತ್ತೆ ಶುರುವಾಯಿತು. ನಾನು ಕವರಿನಿಂದ ಉಣ್ಣೆ ತೆಗೆದು ಟೈಮ್‌ಟೇಬಲ್ಲಿನ ದಾರದ ಪಕ್ಕ ಇಟ್ಟೆ. ಇದು ಸೀತಮ್ಮನ ಮುಷ್ಟಿಯಲ್ಲಿತ್ತು ಅಂದೆ. ಇದು ನಿಮ್ಮ ಗಂಟು. ಸಂಕ್ರಾಂತಿಯ ಮಧ್ಯಾಹ್ನ ನೀವು ತಾರಸಿಯಲ್ಲಿದ್ದಿರಾ ಇಲ್ಲವಾ, ಅಷ್ಟು ಹೇಳಿ.

ಜಲಜಾಕ್ಷಿ ಉಣ್ಣೆಯನ್ನು ಮುಟ್ಟಲಿಲ್ಲ. ಬಹಳ ಹೊತ್ತು ನೋಡಿದರು. ಅವರ ಕಣ್ಣು ತುಂಬಿತು, ಆದರೆ ಆ ಕಣ್ಣು ಹೆದರಿದವರದ್ದಾಗಿರಲಿಲ್ಲ.

ಇದ್ದೆ, ಅಂದರು. ಎಳ್ಳುಬೆಲ್ಲ ತಿಂದು ಕಥೆ ಕೇಳಿದ್ದೂ ಆಯಿತು. ಕೊನೆಯ ಅಧ್ಯಾಯ ಬಂತು ಅಂತ ಸೀತಮ್ಮ ದಾರ ಕಟ್ಟಿದಳು. ನಾಲ್ಕು ಗಂಟೆಗೆ ವೈಜಯಂತಿ ಬರುತ್ತಾಳೆ, ಮೂವರೂ ಕೂತು ಬಿಚ್ಚೋಣ, ಇವತ್ತು ನಿನ್ನ ಗುಟ್ಟು ಅವಳಿಗೂ ಹೇಳಿಬಿಡೋಣ ಅಂದಳಂತೆ. ಇವರಿಗೆ ನಾಚಿಕೆಯಾಗಿ, ಹೋಟೆಲಿನಲ್ಲಿ ಕೆಲಸವಿದೆ ಅಂತ ಮೂರೂವರೆಗೇ ಎದ್ದುಬಂದರು.

"ಗೇಟಿನ ಹತ್ತಿರ ಬಂದು ತಿರುಗಿ ಮೇಲೆ ನೋಡಿದೆ ಅಕ್ಕ. ಮಂಜಿತ್ತು, ಮುಖ ಕಾಣಲಿಲ್ಲ. ಸೀತಕ್ಕನ ಪಕ್ಕದಲ್ಲಿ ಒಬ್ಬರು ತಲೆ ಮೇಲೆ ಶಾಲು ಹೊದ್ದು ನಿಂತಿದ್ರು. ಬೂದು ಶಾಲು, ಕೆಂಪು ಕುಚ್ಚು."

ನಾನು ಮೇಜಿನ ಮೇಲಿನ ಉಣ್ಣೆಯನ್ನು ನೋಡಿದೆ.

"ಆ ಕುಚ್ಚು ಸೀತಕ್ಕನೇ ಕಟ್ಟಿದ್ದು. ಸ್ವೆಟರಿಗೆ ತಂದ ಉಣ್ಣೆ ಜಾಸ್ತಿ ಇತ್ತು. ನಾನೇ ಉಂಡೆ ಹಿಡಿದು ಕೂತಿದ್ದೆ. ನನಗೆ ಈ ಗಂಟು ಕಲಿಸಿದ್ದೂ ಆವಾಗಲೇ." ಅವರು ಮೊದಲ ಸಲ ನನ್ನ ಕಣ್ಣನ್ನೇ ನೋಡಿದರು. "ಅದು ನಿಮ್ಮ ಶಾಲು."

ನಾನು ಮರೆತಿರಲಿಲ್ಲ. ಇಷ್ಟು ದಿನ ನೆನಪಿಸಿಕೊಂಡಿರಲಿಲ್ಲ, ಅಷ್ಟೇ. ಹೋದ ವರ್ಷ ಡಿಸೆಂಬರಿನಲ್ಲಿ ಸೀತಮ್ಮ ಆ ಶಾಲನ್ನು ನನ್ನ ಹೆಗಲ ಮೇಲೆ ಹಾಕಿ, ಬೋಳು ಶಾಲು ಹೊದ್ದು ವಿಧವೆ ಥರ ಓಡಾಡಬೇಡ, ಮದುವೆಯೇ ಆಗಿಲ್ಲ ನಿನಗೆ ಅಂತ ನಕ್ಕಿದ್ದಳು.

ಜಲಜಾಕ್ಷಿ ಹೇಳುತ್ತಲೇ ಇದ್ದರು. ಜ್ವರ ಬಂದು ಮಲಗಿದ್ದೆ, ಆ ದಿನ ನಾನು ಹೋಗಲೇ ಇಲ್ಲ ಅಂತ ನಾನು ಊರಿಗೆಲ್ಲ ಹೇಳಿದ್ದೆನಲ್ಲ. ಸುಳ್ಳು ಹೇಳಿದವಳು ನಾನೇ ಅಂತ ಅವರಿಗೆ ಅವತ್ತೇ ಖಾತ್ರಿಯಾಯಿತು. ಪೊಲೀಸರ ಹತ್ತಿರ ಹೋಗೋಣ ಅಂದರೆ ಮೋನಪ್ಪ ಬಿಡಲಿಲ್ಲ. ನೀನೂ ಅಲ್ಲಿದ್ದೆ ಅಂತ ಹೇಳಬೇಕಾಗುತ್ತದೆ, ಆಫೀಸರ ಮಾತು ನಂಬುತ್ತಾರೋ ನಿನ್ನ ಮಾತು ನಂಬುತ್ತಾರೋ ಎಂದರು. ಆಗ ಇವರು ಸೀತಮ್ಮ ಹೇಳಿದ ಕಥೆಗಳನ್ನೇ ನೆನೆಸಿಕೊಂಡರು. ಆ ಹಳ್ಳಿಯ ಪೋಸ್ಟ್‌ಮಿಸ್ಟ್ರೆಸ್ ಕೊಂದವರ ಎದುರಿಗೆ ಸತ್ತವರ ಒಂದು ವಸ್ತುವನ್ನು ಇಟ್ಟು ಮುಖ ನೋಡುತ್ತಿದ್ದಳಂತೆ. ಬೀರುವಿನ ಹಳೆಯ ಪುಸ್ತಕಗಳಲ್ಲೆಲ್ಲ ಸೀತಮ್ಮನ ಗುರುತು ಮೊದಲೇ ಇದ್ದುದರಿಂದ ಹೊಸ ಪುಸ್ತಕ ಬರುವವರೆಗೂ ಕಾದರು. ಬಂದ ಮೇಲೆ ಒಂದೊಂದಕ್ಕೂ ಪಿನ್ನು ಚುಚ್ಚಿ, ದಾರ ಕಟ್ಟಿ, ನನ್ನ ಮೇಜಿನ ಮೇಲಿಟ್ಟು, ಬಾಗಿಲ ಮರೆಯಲ್ಲಿ ನಿಂತು ನನ್ನ ಮುಖ ನೋಡಿದರು.

ನನ್ನ ಕೈಯಿಂದ ಪುಸ್ತಕ ಜಾರಿ ಬಿದ್ದುದನ್ನು ಅವರು ನೋಡಿದ್ದರು.

ಸೀತಮ್ಮ ಇದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅವಳ ಇಬ್ಬರು ಗೆಳತಿಯರು, ಒಬ್ಬಳು ಓದಿ, ಒಬ್ಬಳು ಕೇಳಿ, ಎರಡು ಕಡೆಯಿಂದಲೂ ಒಂದೇ ಬೋನು ಹೂಡಿ ಒಬ್ಬರನ್ನೊಬ್ಬರು ಹಿಡಿದಿದ್ದರು. ನನಗೆ ನಗು ಬರಲಿಲ್ಲ. ಯಾಕೆಂದರೆ ಆ ಶಾಲು ಸಂಕ್ರಾಂತಿಯ ಮಧ್ಯಾಹ್ನ ಯಾರ ಹೆಗಲ ಮೇಲಿತ್ತು ಎಂಬುದು ಲೋಕದಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು.

ಬಸ್ಸು ಹತ್ತಿದೆ ಅಂದಿದ್ದಳು ಅಮೂಲ್ಯ. ಮೇಲೆ ಹೋಗಲೇ ಇಲ್ಲ ಅಂದಿದ್ದಳು. ನಾನು ಒಂದು ಸಲವೂ ಮರುಪ್ರಶ್ನೆ ಕೇಳಿರಲಿಲ್ಲ. ಅನಂತಮೂರ್ತಿಯವರ ಮಗಳಿಗೆ ಫೋನು ಮಾಡಿ ವಿಚಾರಿಸಿದವಳು, ವೆಂಕಟಸುಬ್ಬಯ್ಯನವರ ಫೋಟೋ ತರಿಸಿ ನೋಡಿದವಳು, ಈ ಒಂದು ಮಾತನ್ನು ಮಾತ್ರ ಫೈಲಿನಲ್ಲಿ ಹಾಗೇ ಮುಚ್ಚಿಟ್ಟಿದ್ದೆ. 'ಅಮ್ಮ ನನ್ನಿಂದಲೇ ಸತ್ತಳಾ' ಅಂತ ಹನ್ನೊಂದು ತಿಂಗಳು ಆ ಮಗು ಕೇಳಿದ್ದು ಪ್ರಶ್ನೆಯೋ, ಹೇಳಲಾಗದ ಉತ್ತರವೋ.

ಅವಳು ನೂಕಿದಳೇ? ಬೀಳುವ ತಾಯಿಯನ್ನು ಹಿಡಿಯಲು ಹೋದಳೇ? ಅಥವಾ ಹೋಗಬೇಡ ಅಂತ ತಾಯಿ ಎಳೆದ ಶಾಲನ್ನು ಕೊಸರಿಕೊಂಡು ಮೆಟ್ಟಿಲಿಳಿದು, ಆಮೇಲೆ ಹಿಂದೆ ಏನಾಯಿತೆಂದೇ ತಿಳಿಯದೆ ಹೋದಳೇ? ಒಂದು ತುಂಡು ಉಣ್ಣೆ ಮೂರಕ್ಕೂ ಸಾಕ್ಷಿ ಹೇಳುತ್ತಿತ್ತು. ನನಗೆ ಈ ಮೂರರಲ್ಲಿ ಒಂದನ್ನೂ ತಿಳಿಯುವ ಧೈರ್ಯ ಉಳಿದಿರಲಿಲ್ಲ. ಕೊಲೆಗಾರ ಬೇಕು ಬೇಕು ಅಂತ ವರ್ಷವಿಡೀ ಹಂಬಲಿಸಿದವಳು ಈಗ ದೇವರೇ, ಬೇಡ, ನನಗೆ ಯಾರೂ ಬೇಡ ಅಂತ ಬೇಡಿಕೊಳ್ಳುತ್ತಿದ್ದೆ.

"ಹೇಳಿ ಅಕ್ಕ," ಅಂದರು ಜಲಜಾಕ್ಷಿ. "ಶಾಲು ನಿಮ್ಮದು. ಯಾರಿದ್ರು ಒಳಗೆ?"

ನೆದರ್‌ವಿಕ್‌ನಲ್ಲಿ ಇಂಥ ಹೊತ್ತಿಗೆ ಎಲ್ಲರೂ ನಿಜ ಹೇಳುತ್ತಾರೆ.

"ನಾನೇ," ಅಂದೆ. "ನಾನೇ ಹೋಗಿದ್ದೆ."

ಹೇಳಿದ ಮೇಲೆ ಮೈ ಹಗುರಾಯಿತು. ಇನ್ನುಳಿದ ಎರಡು ವರ್ಷದ ಸರ್ವೀಸು, ಬೀರುವಿನ ಬೀಗದ ಕೈ, ಬಾಗಿಲ ಮೇಲಿನ ಹೆಸರು, ನನ್ನ ಹತ್ತಿರ ಕಳೆದುಕೊಳ್ಳಲು ಇದ್ದದ್ದೇ ಅಷ್ಟು. ಜ್ವರದ ಕಥೆ ಸುಳ್ಳು ಅಂತ ಹೇಳಿದೆ. ಪುಸ್ತಕದ ವಿಷಯಕ್ಕೆ ಮಾತಿಗೆ ಮಾತು ಬೆಳೆಯಿತು ಅಂತ ಹೇಳಿದೆ. ಇನ್ನೂ ಏನೇನೋ ಹೇಳುವವಳಿದ್ದೆ.

ಜಲಜಾಕ್ಷಿ ನನ್ನ ಮುಖವನ್ನು ನೋಡುತ್ತಿದ್ದರು. ಐದು ವಾರ ಬಾಗಿಲ ಮರೆಯಿಂದ ನೋಡಿ ಅಭ್ಯಾಸವಾದ ಕಣ್ಣು. ಅವರ ಹುಬ್ಬು ಗಂಟಿಕ್ಕಿತು, ನಂಬಿಕೆಯಾಗದವರ ಹಾಗೆ.

ಹೊರಗಿನ ಗಾಜಿನ ಬಾಗಿಲು ತೆರೆದ ಸದ್ದಾಯಿತು. ಮೋನಪ್ಪನವರ ಗೊರಕೆ ನಿಂತಿತು. "ಅಂಕಲ್, ನಮ್ಮ ಊಟದ ಪಾರ್ಸೆಲ್ ರೆಡೀನಾ? ಕಿಚನ್ ಪೂರಾ ಪ್ಯಾಕ್ ಹೋ ಗಯಾ," ಎಂಬ ಧ್ವನಿ ಕೇಳಿಸಿತು.

ಇನ್ನೂ ಐದು ನಿಮಿಷ ಅಂತ ಮೋನಪ್ಪ ಏನೋ ಹೇಳಿ, ವೈಜಯಂತಿ ಮೇಡಂ ಒಳಗೇ ಇದ್ದಾರೆ ಅಂದರು. ಹೆಜ್ಜೆ ಹತ್ತಿರ ಬಂತು. ಪರದೆ ಸರಿಸಿ ಅಮೂಲ್ಯ ನಿಂತಳು. ಕಣ್ಣಿನ ಕೆಳಗೆ ಕಪ್ಪು, ಹೊರಗಿನ ಚಳಿಗೆ ಕೆಂಪಾದ ಮೂಗು. ತಲೆಯ ಮೇಲಿಂದ ಹೊದ್ದಿದ್ದು ಬೂದು ಶಾಲು, ಅಂಚಿನಲ್ಲಿ ಕಡುಗೆಂಪು ಕುಚ್ಚು.

"ಆಂಟಿ, ನಿಮ್ಮ ಮನೆಗೇ ಹೋಗಿದ್ದೆ, ತಾಲಾ ಹಾಕಿತ್ತು," ಅಂದಳು. ಶಾಲು ತೆಗೆದು, ಮಡಿಸಿ, ನನ್ನ ತೊಡೆಯ ಮೇಲಿಟ್ಟಳು. "ವಾಪಸ್ ಕೊಡೋಣ ಅಂತ. ಜನವರಿಯಿಂದ ನನ್ನ ಹತ್ರಾನೇ ಉಳೀತು."

ಮಡಿಕೆಯ ಮೇಲೆ ಶಾಲಿನ ಒಂದು ಮೂಲೆ ಎದ್ದು ಕಾಣುತ್ತಿತ್ತು. ಆ ಮೂಲೆಯಲ್ಲಿ ಕುಚ್ಚು ಇರಲಿಲ್ಲ.

ಜಲಜಾಕ್ಷಿ ಆ ಮೂಲೆಯನ್ನು ನೋಡಿದರು, ಮೇಜಿನ ಮೇಲಿನ ಉಣ್ಣೆಯನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು. ಅವರಿಗೆ ಎಲ್ಲ ತಿಳಿಯಿತು ಅಂತ ನನಗೆ ತಿಳಿಯಿತು. ಬೇಡ ಅಂತ ಕಣ್ಣಿನಲ್ಲೇ ಕೈ ಮುಗಿದೆ.

ಅಮೂಲ್ಯ ಏನನ್ನೂ ಗಮನಿಸಲಿಲ್ಲ. "ಕಲ್ ಸುಬಹ್ ಲಾರಿ ಬರತ್ತೆ ಆಂಟಿ," ಅಂದಳು. "ಹೋಗೋಕ್ಮುಂಚೆ ಹೇಳ್ತೀನಿ ಅಂದಿದ್ರಿ. ಗೊತ್ತಾಯ್ತಾ?"

ಉತ್ತರ ಕೊಟ್ಟವರು ಜಲಜಾಕ್ಷಿ.

"ಕೂತ್ಕೊ ಮಗಾ," ಅಂತ ಕುರ್ಚಿ ಎಳೆದರು. ಧ್ವನಿಯಲ್ಲಿ ಕೋಪವಿರಲಿಲ್ಲ. "ಅಕ್ಕ ಈಗಷ್ಟೇ ಹೇಳಿದ್ರು. ಆ ದಿನ ತಾರಸಿಗೆ ಹೋಗಿದ್ದು ತಾವೇ ಅಂತೆ. ಅಮ್ಮನ ಜೊತೆ ಇದ್ದದ್ದು ತಾವೇ ಅಂತೆ."

ಅಮೂಲ್ಯ ಕೂರಲಿಲ್ಲ. ನನ್ನನ್ನೇ ನೋಡುತ್ತಾ ನಿಂತಳು. ಹನ್ನೊಂದು ತಿಂಗಳಿಂದ ಸತ್ತಂತಿದ್ದ ಆ ಮುಖದಲ್ಲಿ ಏನೋ ಒಂದು ಕದಲಿತು. ಸುಮ್ಮನಿರು, ಸುಮ್ಮನಿದ್ದುಬಿಡು ಕಂದ ಅಂತ ನಾನು ಒಳಗೊಳಗೇ ಕೂಗುತ್ತಿದ್ದೆ. ಸುಮ್ಮನಿದ್ದಿದ್ದರೆ ಉಳಿದುಬಿಡುತ್ತಿದ್ದಳು.

"ಝೂಟ್, ಸುಳ್ಳು," ಅಂದಳು ಮೆಲ್ಲಗೆ. "ಆಂಟಿ ಬರಲೇ ಇಲ್ಲ. ಅಮ್ಮ ಕೊನೇವರೆಗೂ ಇವರನ್ನೇ ಕಾಯ್ತಾ ಇದ್ಲು."